ದಸರಾಕ್ಕೆ ಅಂದಿದ್ದ ಆಟ ಸಂಕ್ರಾಂತಿ ಮುಗಿದ ಮೇಲೆ ಬಂತು: ಬಿಡುಗಡೆ ಮುಂದಕ್ಕೆ ಹಾಕಿದ ನಮ್ಮ ಅನುಭವ

ನಮ್ಮ ಆಟ ಕೊನೆಗೂ ಸ್ಟೀಮ್ ಅನ್ನೋ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಹೊರಬಂತು. ಹೇಳಿದ್ದ ತಾರೀಖಿಗೆ ಬರಲಿಲ್ಲ. ಮುಂದಕ್ಕೆ ಹಾಕಬೇಕಾ ಬೇಡ್ವಾ ಅನ್ನೋ ಜಗಳ, ಆಟಕ್ಕೆ ಕಂತಿನಲ್ಲಿ ದುಡ್ಡು ಕೊಡುವ ಪ್ರಕಾಶಕರಿಗೆ ಬರೆದ ಮೇಲ್‌ಗಳು, ಸ್ಟೀಮ್‌ನ ತಾರೀಖಿನ ನಿಯಮ, ಕೈಬಿಟ್ಟ ದುಡ್ಡು, ಇದನ್ನೆಲ್ಲ ದಾಟಿ ಬರುವಷ್ಟರಲ್ಲಿ ಸಾಕುಸಾಕಾಯಿತು. ಇದೇ ದಾರಿಯಲ್ಲಿ ಬರುತ್ತಿರುವವರಿಗೆ ಸ್ವಲ್ಪವಾದರೂ ತಲೆನೋವು ಕಡಿಮೆ ಆಗಲಿ ಅಂತ ಆಗಿದ್ದನ್ನು ಆದ ಹಾಗೇ ಬರೆಯುತ್ತಿದ್ದೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ನೀವು ಮಲೆನಾಡಿನ ಒಂದು ಮಿನಿ ಬಸ್ಸಿನ ಕಂಡಕ್ಟರ್. ತೀರ್ಥಹಳ್ಳಿಯಿಂದ ಹೊರಟು, ಆಗುಂಬೆ ಘಾಟಿ ಇಳಿದು, ಉಡುಪಿ ಸೇರಬೇಕು. ಟಿಕೆಟ್ ಹರಿಯಬೇಕು, ಚಿಲ್ಲರೆ ಹೊಂದಿಸಬೇಕು. ಚಿಲ್ಲರೆ ಇಲ್ಲ ಅಂದ್ರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು, ಪ್ರಯಾಣಿಕರು ಇಳಿಯೋ ಮೊದಲು ನೆನಪಿಟ್ಟು ಕೊಡಬೇಕು. ಮಧ್ಯೆ ಮಧ್ಯೆ ಅವರ ಕಥೆಗಳು. ಪೂರ್ತಿ ಆಡಲು ಸುಮಾರು 6 ಗಂಟೆ. ಕೆಲಸ ಮಾಡಿದ್ದು ಮೈಸೂರಿನ ಕುವೆಂಪುನಗರದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ರೂಮಿನಲ್ಲಿ. ಪ್ರೋಗ್ರಾಮಿಂಗ್ ನನ್ನದು, ಚಿತ್ರಗಳು ನನ್ನ ಕಾಲೇಜಿನ ಗೆಳತಿಯದು. ಸದ್ದು, ಸಂಗೀತ ಎಲ್ಲ ಧಾರವಾಡದ ಒಬ್ಬ ಗೆಳೆಯ ಅಲ್ಲಿಂದಲೇ ಮಾಡಿ ಕಳಿಸುತ್ತಿದ್ದ.

ಕಾಗದಪತ್ರದ ಕೆಲಸ ಬಿಡುಗಡೆಗೆ ಬಹಳ ಮೊದಲೇ ಶುರುವಾಗುತ್ತದೆ. ಸ್ಟೀಮ್‌ಗೆ ಒಂದು ಆಟಕ್ಕೆ 100 ಡಾಲರ್ ಕಟ್ಟಬೇಕು. ಬ್ಯಾಂಕಿನ ಚಾರ್ಜು ಎಲ್ಲ ಸೇರಿ ನಮಗೆ ಹತ್ತಿರ ಹತ್ತಿರ 9,000 ರೂಪಾಯಿ ಬಿತ್ತು. ಆಟ 1,000 ಡಾಲರ್ ದುಡಿದ ಮೇಲೆ ಆ ದುಡ್ಡು ವಾಪಸ್ ಬರುತ್ತದೆ. ದುಡ್ಡು ಕಟ್ಟಿದ ದಿನದಿಂದ 30 ದಿನ ಕಳೆಯದೆ ಬಿಡುಗಡೆ ಮಾಡೋ ಹಾಗಿಲ್ಲ. ಆಮೇಲೆ ಬ್ಯಾಂಕ್ ವಿವರ, ಸ್ವಿಫ್ಟ್ ಕೋಡ್, ಅಮೆರಿಕದ ತೆರಿಗೆ ಫಾರ್ಮು. ಒಬ್ಬರೇ ಮಾಡೋದಾದರೆ ಡಬ್ಲ್ಯೂ-8ಬೆನ್, ಕಂಪನಿ ಆದರೆ ಅದರ ಇನ್ನೊಂದು ರೂಪ. ಅದರಲ್ಲಿ ಪಾನ್ ನಂಬರ್ ಹಾಕಿ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೇಳಿಕೊಂಡರೆ ಅಮೆರಿಕದಲ್ಲಿ ಆದ ಮಾರಾಟಕ್ಕೆ ಹಿಡಿಯೋ ತೆರಿಗೆ 30% ಬದಲು 15% ಆಗುತ್ತದೆ. ಪಾನ್‌ನಲ್ಲಿ, ಪಾಸ್‌ಬುಕ್ಕಿನಲ್ಲಿ, ಅರ್ಜಿಯಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಇನಿಶಿಯಲ್ ಹಿಂದೆ ಮುಂದೆ ಆಗಿದ್ದಕ್ಕೇ ನನಗೆ ಒಂದು ಸುತ್ತು ಜಾಸ್ತಿ ಆಯಿತು.

ಬರಲಿರುವ ಆಟಗಳ ಡೆಮೊ, ಅಂದ್ರೆ ಆಡಿ ನೋಡೋ ತುಣುಕು, ತೋರಿಸೋಕೆ ಸ್ಟೀಮ್ ನಡೆಸುವ ಉತ್ಸವ ನೆಕ್ಸ್ಟ್ ಫೆಸ್ಟ್. ಜೂನ್‌ನ ಫೆಸ್ಟ್‌ನಲ್ಲಿ ನಮ್ಮ ಡೆಮೊ ಹಾಕಿದೆವು. ಇದು ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರ್‌ಗಳಲ್ಲಿ ನಡೆಯುತ್ತದೆ. ಒಂದು ಆಟಕ್ಕೆ ಒಂದೇ ಅವಕಾಶ. ಡೆಮೊ ಆಡಿದವರು ವಿಶ್‌ಲಿಸ್ಟ್‌ಗೆ (ಆಮೇಲೆ ಕೊಳ್ಳೋಣ ಅಂತ ಗುರುತಿಟ್ಟುಕೊಳ್ಳುವ ಪಟ್ಟಿ) ಸೇರಿಸಿಕೊಂಡರು, ನಮಗೂ ಹುರುಪು ಬಂತು. ದಸರಾ ಹೊತ್ತಿಗೆ ಬಿಡುಗಡೆ ಅಂತ ಘೋಷಣೆ ಮಾಡಿಬಿಟ್ಟೆವು. ಆಗಸ್ಟ್‌ವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಆಗಸ್ಟ್‌ನಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗೆ ಆಟ ತೆಗೆದುಕೊಂಡು ಹೋದೆವು. ನನ್ನ ತಮ್ಮನ ಗೆಳೆಯರು ಅಲ್ಲಿದ್ದರು. ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡೋದು ಹುಡುಗರ ಹಳೇ ಲ್ಯಾಪ್‌ಟಾಪಿನಲ್ಲಿ ಹೇಗಿರುತ್ತೆ ನೋಡೋಣ ಅಂತ. ಘಾಟಿಯಲ್ಲಿ ಮಳೆ ಜೋರಾದಾಗ ಆಟ ಮುಗ್ಗರಿಸಿತು. ಅದು ಗೊತ್ತಿದ್ದದ್ದೇ. ಒಬ್ಬ ಹುಡುಗ ಮಾತ್ರ ಮಗ್ಗುಲಿಗೆ ತಿರುಗದೆ ಆಡುತ್ತಿದ್ದ. ಚಿಲ್ಲರೆ ಬಾಕಿ ಲೆಕ್ಕವನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬೇರೆ ಬರೆದುಕೊಳ್ಳುತ್ತಿದ್ದ. ಸೋಮೇಶ್ವರಕ್ಕೆ ಬಸ್ಸು ಇಳಿಯಿತು, ಪರದೆಯ ಮೂಲೆಯಲ್ಲಿ ಸೇವ್ ಆಗುವ ಗುರುತು ತಿರುಗಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಅವನ ಲ್ಯಾಪ್‌ಟಾಪಿಗೆ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತಂತೆ, ವೈರ್ ಮೇಲೇ ಜೀವ. ಫ್ಯಾನಿನ ಜೊತೆಗೇ ಅದೂ ನಿಂತಿತು.

ಕರೆಂಟ್ ಬಂದಮೇಲೆ ತೆರೆದರೆ "ಹೊಸ ಆಟ" ಒಂದೇ ಇದೆ. "ಮುಂದುವರಿಸಿ" ಇಲ್ಲ.

"ಅಣ್ಣಾ, ಸೇವ್ ಆಗಿತ್ತಲ್ವಾ?" ಅಂದ.

ಫೈಲ್ ನೋಡಿದೆ. ಸೊನ್ನೆ ಬೈಟ್. ನಡೆದದ್ದು ಇಷ್ಟು: ಆಟ ಹಳೇ ಸೇವ್ ಫೈಲಿನ ಮೇಲೇ ನೇರವಾಗಿ ಹೊಸದನ್ನು ಬರೆಯುತ್ತಿತ್ತು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯೋ ಆ ಗಳಿಗೆಯಲ್ಲಿ ಕರೆಂಟ್ ಹೋದರೆ ಎರಡೂ ಇಲ್ಲ. ಇನ್ನೂ ಕೆಟ್ಟದ್ದು ರೂಮಿಗೆ ವಾಪಸ್ ಬಂದ ಮೇಲೆ ಗೊತ್ತಾಯಿತು. ಸೇವ್ ಫೈಲಿನ ಪ್ರತಿಯನ್ನು ಆನ್‌ಲೈನ್‌ನಲ್ಲಿ ಇಡುವ ಸ್ಟೀಮ್ ಕ್ಲೌಡ್ ಅನ್ನು ನಾವು ಆನ್ ಮಾಡಿದ್ದೆವು. ಖಾಲಿ ಫೈಲೇ ಹೊಸ ಫೈಲು ಅಂತ ಅದು ಮೇಲಕ್ಕೆ ಹೋಗಿ, ಕ್ಲೌಡ್‌ನಲ್ಲಿದ್ದ ಒಳ್ಳೇ ಪ್ರತಿಯನ್ನೂ ಮುಚ್ಚಿಹಾಕಬಹುದಿತ್ತು.

ಜಗಳ ಶುರುವಾಗಿದ್ದು ಇಲ್ಲಿಂದ.

ಧಾರವಾಡದ ಗೆಳೆಯ ಫೋನಿನಲ್ಲಿ, "ಈಗ ಬಿಟ್ಟುಬಿಡೋಣು, ಆಮ್ಯಾಲೆ ಪ್ಯಾಚ್ ಹಾಕಿದ್ರಾತು. ನೋ ಮ್ಯಾನ್ಸ್ ಸ್ಕೈದವ್ರು ಹಂಗ ಮಾಡ್ಲಿಲ್ಲೇನು?" ಅಂದ. ಪ್ಯಾಚ್ ಅಂದ್ರೆ ಬಿಡುಗಡೆ ಆದಮೇಲೆ ಹಾಕೋ ತಿದ್ದುಪಡಿ. ನೋ ಮ್ಯಾನ್ಸ್ ಸ್ಕೈ ಅನ್ನೋ ಆಟ ಎಲ್ಲರೂ ಹೇಳೋ ಉದಾಹರಣೆ. 2016ರ ಆಗಸ್ಟ್‌ನಲ್ಲಿ ಆ ಆಟ ಬಂದಾಗ ಜನ ಹಿಗ್ಗಾಮುಗ್ಗಾ ಬೈದರು. ಅದನ್ನು ಮಾಡಿದ ಹೆಲೋ ಗೇಮ್ಸ್‌ನವರು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರು, ಒಂದರ ಮೇಲೊಂದು ಉಚಿತ ಅಪ್‌ಡೇಟ್ ಕೊಟ್ಟರು, ಸ್ಟೀಮ್‌ನಲ್ಲಿ ಒಟ್ಟು ವಿಮರ್ಶೆ ತುಂಬಾ ಒಳ್ಳೆಯದು ಅನ್ನೋ ಹಂತಕ್ಕೆ ಬಂದದ್ದು 2024ರಲ್ಲಿ. ಎಂಟು ವರ್ಷ. ಅವರ ಆಟ ಮೊದಲ ವಾರದಲ್ಲೇ ಲಕ್ಷಗಟ್ಟಲೆ ಜನರ ಕೈ ಸೇರಿತ್ತು, ಕಾಯೋಕೆ ಅವರ ಹತ್ತಿರ ದುಡ್ಡಿತ್ತು. ನಮ್ಮ ಹತ್ತಿರ ಇದ್ದದ್ದು ಪ್ರಕಾಶಕರ ಕೊನೇ ಕಂತಿನ ಆಸೆ.

ಗೆಳತಿ ಇನ್ನೊಂದು ತುದಿ. ಮುಂದಕ್ಕೆ ಹಾಕೋದೇ ಆದರೆ ಪ್ರಯಾಣಿಕರ ಮುಖಗಳನ್ನೆಲ್ಲ ಮತ್ತೆ ಬಿಡಿಸುತ್ತೇನೆ, ಕುಂದಾಪುರದ ದಾರಿಯನ್ನೂ ಸೇರಿಸೋಣ ಅಂದಳು. ಅದಕ್ಕೆ ನಾನು ಸೈಬರ್‌ಪಂಕ್ 2077 ಆಟದ ಕಥೆ ನೆನಪಿಸಿದೆ. 2020ರ ಏಪ್ರಿಲ್ 16ಕ್ಕೆ ಬರಬೇಕಿತ್ತು. ಸೆಪ್ಟೆಂಬರ್‌ಗೆ ಹೋಯಿತು, ನವೆಂಬರ್‌ಗೆ ಹೋಯಿತು. ಆಟ ಸಿದ್ಧವಾಗಿದೆ ಅಂತ ಅಕ್ಟೋಬರ್‌ನಲ್ಲಿ ಸಾರಿದ ಮೇಲೂ ಮತ್ತೆ 21 ದಿನ ಮುಂದೆ ಹೋಗಿ ಡಿಸೆಂಬರ್ 10ಕ್ಕೆ ಬಂತು. ಅಷ್ಟಾದರೂ ಹಳೇ ಕನ್ಸೋಲ್‌ಗಳಲ್ಲಿ ಅದರ ಸ್ಥಿತಿ ನೋಡಿ ಸೋನಿಯವರು ಒಂದೇ ವಾರದಲ್ಲಿ ತಮ್ಮ ಅಂಗಡಿಯಿಂದ ತೆಗೆದುಹಾಕಿದರು. ಅದು ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. ಅಂದ್ರೆ ಸುಮ್ನೆ ತಾರೀಖು ತಳ್ಳಿದರೆ ಆಟ ತಾನಾಗಿ ಚೆನ್ನಾಗಿ ಆಗಲ್ಲ. ಯಾವ ಕೆಲಸಕ್ಕೆ ಅಂತ ಹೆಸರಿಟ್ಟು ತಳ್ಳಬೇಕು.

"ಗುಣಮಟ್ಟ ಸಾಲದು" ಅನ್ನೋ ಮಾತನ್ನು ರೂಮಿನಲ್ಲಿ ಯಾರೂ ಆಡಬಾರದು ಅಂತ ಆಮೇಲೆ ನಾವು ಮಾಡಿಕೊಂಡ ನಿಯಮ ಬಹಳ ಕೆಲಸಕ್ಕೆ ಬಂತು. ಅದು ಅಳತೆ ಇಲ್ಲದ ಮಾತು. ಅದರ ಬದಲು ಗೊತ್ತಿದ್ದ ತೊಂದರೆಗಳನ್ನೆಲ್ಲ ಒಂದು ಶೀಟ್‌ನಲ್ಲಿ ಬರೆದು ಮೂರು ಕಡೆ ಹಂಚಿದೆವು. ಒಂದು, ಕಳೆದುಹೋದರೆ ಆಟಗಾರರಿಗೆ ನಾವು ವಾಪಸ್ ಕೊಡಲು ಆಗದ್ದು. ಇನ್ನೊಂದು, ಮೊದಲ 2 ಗಂಟೆಯಲ್ಲಿ ಕಣ್ಣಿಗೆ ಬೀಳೋದು. ಉಳಿದದ್ದೆಲ್ಲ ಮೂರನೆಯದು. ಎರಡು ಗಂಟೆ ಯಾಕೆ ಅಂದ್ರೆ, ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಕೇಳಿದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಆಟ ಇಷ್ಟವಾಯಿತಾ ಇಲ್ವಾ ಅಂತ ಜನ ತೀರ್ಮಾನ ಮಾಡೋದೂ ಅಷ್ಟರಲ್ಲೇ.

ಹಂಚಿದ ಮೇಲೆ ಜಗಳ ಅರ್ಧ ತಣ್ಣಗಾಯಿತು. ಮೊದಲ ಪಟ್ಟಿಯಲ್ಲಿ ಸೇವ್ ಫೈಲಿನದೇ ದರ್ಬಾರು. ಕಳೆದುಹೋದ ಐದು ಗಂಟೆಯ ಆಟವನ್ನು ಯಾವ ಪ್ಯಾಚೂ ತಂದುಕೊಡಲ್ಲ. ಎರಡನೆಯದರಲ್ಲಿ ಘಾಟಿಯ ಮಳೆ ಮತ್ತು ಕನ್ನಡ ಅಕ್ಷರ. ಪ್ರಯಾಣಿಕರ ಮುಖ, ಬಸ್ಸಿನೊಳಗೇ ತೂರಿಹೋಗುವ ನಾಯಿಗಳು, ಕೊಡೆ ಮಡಚುವ ಚಲನೆ, ಇವೆಲ್ಲ ಮೂರನೆಯದಕ್ಕೆ. ಕುಂದಾಪುರದ ದಾರಿ ಯಾವ ಪಟ್ಟಿಗೂ ಸೇರಲಿಲ್ಲ. ಗೆಳತಿ ಎರಡು ದಿನ ಮಾತಾಡಲಿಲ್ಲ.

ಕನ್ನಡ ಅಕ್ಷರದ ಗೋಳನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಕನ್ನಡದಲ್ಲಿ ಆಟ ಮಾಡುವವರೆಲ್ಲರೂ ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತೀರಿ. ನಾವು ಬಳಸಿದ ಎಂಜಿನ್‌ನ (ಆಟ ಕಟ್ಟೋ ಸಾಫ್ಟ್‌ವೇರ್) ಅಕ್ಷರ ತೋರಿಸುವ ಭಾಗಕ್ಕೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. "ತೀರ್ಥಹಳ್ಳಿ" ಅಂತ ಬರೆದರೆ ಅರ್ಕಾವತ್ತು ಎಲ್ಲೋ, ಳ ಒತ್ತು ಎಲ್ಲೋ. "ಚಿಲ್ಲರೆ"ಯಲ್ಲಿ ಎರಡು ಲ ಅಕ್ಕಪಕ್ಕ ನಿಂತು ನಡುವೆ ಒಂದು ಗೆರೆ. ಡೆಮೊದಲ್ಲಿ ಮಾತು ಕಡಿಮೆ ಇತ್ತು, ಅವನ್ನೆಲ್ಲ ಚಿತ್ರ ಮಾಡಿ ಅಂಟಿಸಿದ್ದೆವು. ಪೂರ್ತಿ ಆಟಕ್ಕೆ ಅದು ಆಗದ ಕೆಲಸ. ಕೊನೆಗೆ ಅಕ್ಷರ ಜೋಡಿಸೋ ಹಾರ್ಫ್‌ಬಜ್ ಅನ್ನೋ ಉಚಿತ ಕೋಡ್ ಲೈಬ್ರರಿಯನ್ನು ಎಂಜಿನ್‌ಗೆ ಹೊಂದಿಸಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ಸರಿ ಮಾಡಿದೆ. ಹೊಸದಾಗಿ ಶುರು ಮಾಡುವವರು ಗೊಡೋ 4 ಎಂಜಿನ್ ನೋಡಿ. ಅದರಲ್ಲಿ ಹಾರ್ಫ್‌ಬಜ್ ಒಳಗೇ ಇದೆ, ಕನ್ನಡ ಸರಿಯಾಗಿ ಮೂಡುತ್ತದೆ. ಯಾವ ಎಂಜಿನ್ ಆದರೂ ಸರಿ, ಮೊದಲ ದಿನವೇ "ಕ್ಷೇತ್ರ", "ರಾಷ್ಟ್ರ", "ಕೊಟ್ಟೆ" ಅಂತ ಬರೆದು ಪರದೆ ಮೇಲೆ ನೋಡಿಬಿಡಿ.

ಸೇವ್ ಫೈಲಿನ ಮದ್ದು ಹೇಳೋಕೆ ಸುಲಭ. ಹೊಸದನ್ನು ಬೇರೆ ಹೆಸರಿನ ಫೈಲಿನಲ್ಲಿ ಪೂರ್ತಿ ಬರೆದು, ಡಿಸ್ಕಿಗೆ ಇಳಿದಿದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಹೆಸರು ಬದಲಾಯಿಸೋದು. ಹಿಂದಿನದನ್ನು ಒಂದು ನಕಲಾಗಿ ಇಟ್ಟುಕೊಳ್ಳೋದು. ತೆರೆಯುವಾಗ ಫೈಲ್ ಕೆಟ್ಟಿದ್ದರೆ ನಕಲಿನಿಂದ ಎತ್ತಿಕೊಳ್ಳೋದು. ಬರೆಯೋಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಪರೀಕ್ಷೆ ಮಾಡೋದೇ ಹಿಡಿಯಿತು. ಆಟ ಸೇವ್ ಮಾಡುತ್ತಿರುವಾಗ ಪ್ಲಗ್ ಕೀಳೋದು, ಮತ್ತೆ ಹಾಕೋದು. ಹಳೇ ಡೆಮೊದ ಸೇವ್ ತಂದು ಹೊಸದರಲ್ಲಿ ತೆರೆಯೋದು. ಕೆಳಗಿನ ಜೆರಾಕ್ಸ್ ಅಂಗಡಿಯವರು ಒಂದು ದಿನ ಮೇಲೆ ಬಂದು, "ಏನ್ ಸಾರ್, ವೈರಿಂಗ್ ಏನಾದ್ರೂ ಹೋಗಿದೆಯಾ?" ಅಂತ ವಿಚಾರಿಸಿಕೊಂಡು ಹೋದರು.

ಈಗ ತಾರೀಖಿನ ವಿಷಯ. ಸ್ಟೀಮ್‌ನಲ್ಲಿ ಎರಡು ತಾರೀಖು ಇರುತ್ತವೆ. ಒಳಗಡೆ ನೀವು ಹಾಕುವ ಖಚಿತ ತಾರೀಖು ಒಂದು, ಜನರಿಗೆ ಕಾಣುವುದು ಇನ್ನೊಂದು. ಜನರಿಗೆ "ಶೀಘ್ರದಲ್ಲೇ" ಅಂತಲೋ, ವರ್ಷ ಅಥವಾ ತಿಂಗಳು ಮಾತ್ರವೋ ತೋರಿಸಬಹುದು. ನಾವು ಹುರುಪಿನಲ್ಲಿ ದಿನವನ್ನೇ ತೋರಿಸಿದ್ದೆವು. ಬಿಡುಗಡೆಗೆ ಎರಡು ವಾರಕ್ಕಿಂತ ಜಾಸ್ತಿ ಸಮಯ ಇದ್ದರೆ ತಾರೀಖನ್ನು ನೀವೇ ಬದಲಾಯಿಸಬಹುದು. ಎರಡು ವಾರದೊಳಗೆ ಬಂದರೆ ಆ ಕೀಲಿ ನಿಮ್ಮ ಕೈಯಲ್ಲಿ ಇರಲ್ಲ, ಸ್ಟೀಮ್‌ನವರಿಗೇ ಬರೆದು ಕೇಳಬೇಕು. ಆದ್ದರಿಂದ ಮುಂದೂಡುವ ಚರ್ಚೆಗೂ ಒಂದು ಗಡುವು ಇಟ್ಟುಕೊಳ್ಳಿ. ಎರಡು ವಾರದ ಗೆರೆಗಿಂತ ಬಹಳ ಮುಂಚೆಯೇ ಕೂತು ಹೌದು ಅಥವಾ ಇಲ್ಲ ಅಂದುಬಿಡಬೇಕು.

ಸ್ಟೀಮ್‌ಗಿಂತ ಮೊದಲು ಪ್ರಕಾಶಕರು. ವಿದೇಶದ ಒಂದು ಸಣ್ಣ ಸಂಸ್ಥೆ, ಹೆಸರು ಬೇಡ. ಒಪ್ಪಂದದಲ್ಲಿ ಕೊನೇ ಕಂತು ಬಿಡುಗಡೆಯ ಮೇಲೆ ಅಂತಿತ್ತು. ತಾರೀಖು ಬದಲಾಯಿಸಲು 30 ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ಅವರ ಒಪ್ಪಿಗೆ ಬೇಕು. ಸಹಿ ಮಾಡುವಾಗ ಈ ಸಾಲಿನ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆವು. ಈಗ ಅದೇ ಸಾಲು ನಮ್ಮ ಅನ್ನದ ಪ್ರಶ್ನೆ. ಮೊದಲ ಮೇಲ್‌ಗೆ ಉತ್ತರವೇ ಬರಲಿಲ್ಲ. ಎರಡನೆಯದಕ್ಕೆ ಬಂದದ್ದು ಒಂದೇ ಸಾಲು: ಬಿಡುಗಡೆ ಮಾಡಿ, ತೊಂದರೆಗಳನ್ನು ಆಮೇಲೆ ನೋಡೋಣ. ಅಲ್ಲೂ ಅದೇ ಮಾತು.

ಕೆಲಸ ಮಾಡಿದ್ದು ವಿಡಿಯೊ. ಪ್ಲಗ್ ಕಿತ್ತು, ಮತ್ತೆ ಆಟ ತೆರೆದು, "ಮುಂದುವರಿಸಿ" ಮಾಯವಾಗೋದನ್ನು ಫೋನಿನಲ್ಲಿ ತೆಗೆದು ಕಳಿಸಿದೆವು. ಜೊತೆಗೆ ಶೀಟ್‌ನ ಮೊದಲ ಎರಡು ಪಟ್ಟಿ, ಪ್ರತಿ ಕೆಲಸಕ್ಕೆ ಎಷ್ಟು ವಾರ ಅನ್ನೋ ಅಂದಾಜು, ಒಂದೇ ಒಂದು ಹೊಸ ತಾರೀಖು. ಮರುದಿನವೇ ಕರೆ ಬಂತು. ಒಪ್ಪಿದರು, ಆದರೆ ಕೊನೇ ಕಂತಿನ ಮೂರನೇ ಒಂದು ಭಾಗವನ್ನು ಬಿಡುಗಡೆಯಾಗಿ 60 ದಿನ ಆದ ಮೇಲೆ ಕೊಡುವುದಾಗಿ ಷರತ್ತು ಹಾಕಿದರು. ಚೌಕಾಸಿ ಮಾಡುವ ಸ್ಥಿತಿ ನಮ್ಮದಲ್ಲ. ಮಾತಿನಲ್ಲಿ ಬಿಡದೆ ತಿದ್ದುಪಡಿ ಪತ್ರ ಮಾಡಿಸಿ ಇಬ್ಬರೂ ಸಹಿ ಹಾಕಿದೆವು. ನೀವೂ ಹಾಗೇ ಮಾಡಿ.

ಖರ್ಚು ಎಷ್ಟಾಯಿತು ಅಂತ ಕೇಳುವವರಿಗೆ: ರೂಮಿನ ಬಾಡಿಗೆ ತಿಂಗಳಿಗೆ 11,000. ಕರೆಂಟು, ಇಂಟರ್ನೆಟ್ಟು ಇನ್ನೊಂದು 3,000. ಹಳೇ ಮಾದರಿಯ ಎರಡು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ಪರೀಕ್ಷೆಗೆ, 26,000. ಸದ್ದಿನ ಗೆಳೆಯನಿಗೆ ಹೆಚ್ಚುವರಿ 40,000. ನಮ್ಮಿಬ್ಬರ ಸಂಬಳ ಅನ್ನೋದು ಇರಲೇ ಇಲ್ಲ. ನಾನು ಸಂಜೆ ಹೊತ್ತು ಒಂದು ಕೋಚಿಂಗ್ ಸೆಂಟರ್‌ನಲ್ಲಿ ಪೈಥಾನ್ ಹೇಳಿಕೊಟ್ಟೆ, ಗೆಳತಿ ಮದುವೆ ಕಾರ್ಡಿನ ಚಿತ್ರ ಬಿಡಿಸಿದಳು. ಮುಂದೂಡುವ ಮೊದಲು ಒಂದು ಲೆಕ್ಕ ಮಾಡಿ: ಹೊಸ ತಾರೀಖಿನವರೆಗೆ ಮಾತ್ರವಲ್ಲ, ಅದಾದ ಮೇಲೂ ಎರಡು ತಿಂಗಳು ಬದುಕಲು ದುಡ್ಡು ಇದೆಯಾ? ಮಾರಾಟದ ಹಣ ತಕ್ಷಣ ಕೈಗೆ ಬರಲ್ಲ.

ಜನರಿಗೆ ತಿಳಿಸಿದ್ದು ಸೆಪ್ಟೆಂಬರ್‌ನಲ್ಲಿ. ಬರೆದ ಮೊದಲ ಕರಡು ಎರಡು ಪುಟ, ಪೂರ್ತಿ ಕ್ಷಮಾಪಣೆ. ಗೆಳತಿ ಓದಿ, "ಯಾರಾದ್ರೂ ಸತ್ರಾ?" ಅಂದಳು. ಆಮೇಲೆ ಐದು ಸಾಲಿಗೆ ಇಳಿಸಿದೆವು. ಯಾಕೆ ತಡ, ಏನು ಸರಿ ಮಾಡುತ್ತಿದ್ದೇವೆ, ಹೊಸ ತಾರೀಖು ಯಾವುದು. ಪ್ಲಗ್ ಕಿತ್ತ ವಿಡಿಯೊವನ್ನೂ ಹಾಕಿದೆವು. ಕೆಲವರು ವಿಶ್‌ಲಿಸ್ಟ್‌ನಿಂದ ತೆಗೆದರು. ಒಬ್ಬರು ಬಹಳ ಬೈದರು. ಹೆಚ್ಚಿನವರು ನಿಧಾನಕ್ಕೆ ಮಾಡಿ ಅಂದರು. ನನಗೆ ಹೆದರಿಕೆ ಇದ್ದದ್ದು ಬೈಗುಳದ ಬಗ್ಗೆ ಅಲ್ಲ, ಜೂನ್‌ನ ಬಿಸಿ ಆರಿಹೋಗುತ್ತಲ್ಲ ಅಂತ. ಅದು ನಿಜಕ್ಕೂ ಆರಿತು. ನವೆಂಬರ್‌ನಲ್ಲಿ ದಿನಕ್ಕೆ ಸೇರುತ್ತಿದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಮನೆಯಲ್ಲಿ ಅಮ್ಮ ಬೇರೆ, "ಏನೋ, ನಿನ್ನ ಬಸ್ಸು ಇನ್ನೂ ಘಾಟಿ ಇಳೀಲಿಲ್ವೇನೋ?" ಅಂತ ಫೋನ್ ಮಾಡಿದಾಗಲೆಲ್ಲ ಕೇಳೋರು.

ಹೊಸ ತಾರೀಖು ಆರಿಸೋದೂ ಒಂದು ಕಸರತ್ತು. ಡಿಸೆಂಬರ್ ಕೊನೆಯಲ್ಲಿ ಸ್ಟೀಮ್‌ನ ಚಳಿಗಾಲದ ಸೇಲ್. ಆಗ ದೊಡ್ಡ ದೊಡ್ಡ ಆಟಗಳೇ ಅರ್ಧ ಬೆಲೆಗೆ ಸಿಗುವಾಗ ನಮ್ಮನ್ನು ಯಾರು ಕೇಳುತ್ತಾರೆ? ಬೇರೆಯವರ ತಾರೀಖೂ ನೋಡಬೇಕು. 2025ರಲ್ಲಿ ಹಾಲೋ ನೈಟ್ ಆಟದ ಮುಂದಿನ ಭಾಗ ಸಿಲ್ಕ್‌ಸಾಂಗ್ ಸೆಪ್ಟೆಂಬರ್ 4ಕ್ಕೆ ಬರುತ್ತೆ ಅಂತ ಎರಡು ವಾರ ಮುಂಚೆ ಹೇಳಿದಾಗ ಎಷ್ಟೋ ಸಣ್ಣ ತಂಡಗಳು ತಮ್ಮ ಆಟವನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದವು. ಬಿಡುಗಡೆಯ ದಿನ ಸ್ಟೀಮ್ ಅಂಗಡಿಯೇ ಕುಸಿದು ಕೂತಿತ್ತು. ಅದು ಬರೋಕೆ 2019ರಿಂದ ಜನ ಕಾದಿದ್ದರು. ಅಂಥ ತಾಳ್ಮೆ ನಮ್ಮಂಥವರಿಗಾಗಿ ಯಾರೂ ತೋರಿಸಲ್ಲ, ಅದು ಹಿಂದಿನ ಆಟದಿಂದ ಸಂಪಾದಿಸಿದ ಸಾಲ. ನಾವು ಸಂಕ್ರಾಂತಿ ಆದಮೇಲಿನ ಒಂದು ವಾರ ಹಿಡಿದೆವು.

ಡಿಸೆಂಬರ್‌ನಲ್ಲಿ ಮೊದಲೆರಡು ಪಟ್ಟಿ ಖಾಲಿ ಆಯಿತು. ಈಗ ಎಲ್ಲ ಸಲೀಸು ಅಂದುಕೊಂಡರೆ ಸ್ಟೀಮ್‌ನ ಪರಿಶೀಲನೆಯಲ್ಲಿ ವಾಪಸ್ ಬಂತು. ಅಂಗಡಿಯ ಪುಟಕ್ಕೊಂದು ಪರಿಶೀಲನೆ, ಆಟದ ಬಿಲ್ಡ್‌ಗೆ, ಅಂದ್ರೆ ಆಡಲು ಸಿದ್ಧವಾದ ಪ್ರತಿಗೆ, ಇನ್ನೊಂದು. ಒಂದೊಂದಕ್ಕೂ 3ರಿಂದ 5 ಕೆಲಸದ ದಿನ. ನಮ್ಮ ಪುಟದಲ್ಲಿ ಕಂಟ್ರೋಲರ್‌ಗೆ (ಕೈಯಲ್ಲಿ ಹಿಡಿದು ಆಡೋ ಸಾಧನ) ಪೂರ್ತಿ ಬೆಂಬಲ ಅಂತ ಗುರುತು ಹಾಕಿದ್ದೆವು. ಆದರೆ ಆಟದ ಶುರುವಿನಲ್ಲಿ ಕಂಡಕ್ಟರ್ ಹೆಸರು ಕೇಳುವ ಕಡೆ ಕೀಬೋರ್ಡ್ ಇಲ್ಲದೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಪುಟದಲ್ಲಿ ಏನು ಹೇಳಿದ್ದೀರೋ ಅದನ್ನು ಅವರು ನಿಜವಾಗಿ ಆಡಿ ನೋಡುತ್ತಾರೆ. ಪರದೆಯ ಮೇಲೆ ಕೀಬೋರ್ಡ್ ಬರುವ ಹಾಗೆ ಮಾಡಿ ಮತ್ತೆ ಕಳಿಸಿದೆವು. ಕ್ರಿಸ್‌ಮಸ್ ರಜೆ ಬೇರೆ ಮಧ್ಯೆ ಬಂದು ಕಾಯೋದು ಇನ್ನೂ ಉದ್ದವಾಯಿತು. ಬಿಲ್ಡ್ ಅನ್ನು ಬಿಡುಗಡೆಗೆ ಒಂದು ತಿಂಗಳು ಮೊದಲೇ ಕಳಿಸಿಬಿಡಿ. ಒಪ್ಪಿಗೆ ಸಿಕ್ಕ ಮೇಲೂ ಹೊಸ ಬಿಲ್ಡ್ ಏರಿಸಬಹುದು, ಅದಕ್ಕೆ ಮತ್ತೆ ಪರಿಶೀಲನೆ ಬೇಕಾಗಲ್ಲ.

ಬಿಡುಗಡೆಯ ದಿನ ಆಟ ತಾನಾಗೇ ಹೊರಗೆ ಬರಲ್ಲ, ಗೊತ್ತಿರಲಿ. ಗುಂಡಿ ನೀವೇ ಒತ್ತಬೇಕು. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ 10 ಗಂಟೆಗೆ ಇಟ್ಟುಕೊಂಡಿದ್ದೆವು, ಚಳಿಗಾಲದಲ್ಲಿ ನಮಗೆ ಅದು ರಾತ್ರಿ 11:30. ಬಿಡುಗಡೆಯ ರಿಯಾಯಿತಿ ಇಡೋದಿದ್ದರೆ ಗುಂಡಿ ಒತ್ತುವ ಮೊದಲೇ ಇಟ್ಟಿರಬೇಕು. ಅದು ಮುಗಿದ ಮೇಲೆ 30 ದಿನ ಬೇರೆ ರಿಯಾಯಿತಿ ಕೊಡುವ ಹಾಗಿಲ್ಲ. ಒತ್ತಿದ ಮೇಲೆ ವಿಶ್‌ಲಿಸ್ಟ್‌ನಲ್ಲಿದ್ದವರಿಗೆ ಸ್ಟೀಮ್‌ನಿಂದ ಮೇಲ್ ಹೋಗುತ್ತದೆ. ಜೂನ್‌ನಲ್ಲಿ ಸೇರಿ ನಮ್ಮನ್ನು ಮರೆತೇಬಿಟ್ಟಿದ್ದವರು ವಾಪಸ್ ಬಂದದ್ದು ಆ ಮೇಲ್‌ನಿಂದಲೇ.

ಮೊದಲ ವಾರದ ದೂರುಗಳೆಲ್ಲ ಮೂರನೇ ಪಟ್ಟಿಯವು. ನಾಯಿ ಬಸ್ಸಿನೊಳಗೆ ಬಂತು ಅಂತ ಒಬ್ಬರು ಚಿತ್ರ ಹಾಕಿದರು, ಅದಕ್ಕೆ ಇನ್ನೊಬ್ಬರು ಟಿಕೆಟ್ ಕೊಡಿ ಅಂದರು. ಪ್ಯಾಚ್ ಹಾಕಿದೆವು, ಮುಗಿಯಿತು. ಸೇವ್ ಹೋಯಿತು ಅಂತ ಒಬ್ಬರು ಬರೆದಾಗ ಎದೆ ಝಲ್ ಅಂದಿತು. ಫೈಲ್ ಕಳಿಸಿ ಅಂದೆವು. ನಕಲಿನಿಂದ ಎದ್ದಿತ್ತು, ಒಂದು ನಿಲ್ದಾಣ ಹಿಂದಕ್ಕೆ ಹೋಗಿದ್ದಾರೆ ಅಷ್ಟೇ. ಆಟ ದಸರಾಕ್ಕೇ ಬಿಟ್ಟಿದ್ದರೆ ಮಾರಾಟ ಜಾಸ್ತಿ ಆಗುತ್ತಿತ್ತಾ? ಮೊದಲ ದಿನದ ಮಟ್ಟಿಗೆ ಇರಬಹುದು, ಧಾರವಾಡದ ಗೆಳೆಯ ಈಗಲೂ ಹಾಗೇ ಅನ್ನುತ್ತಾನೆ. ಆದರೆ ಈಗ ಬರುತ್ತಿರುವ ವಿಮರ್ಶೆಗಳು ಆಗ ಬರುತ್ತಿರಲಿಲ್ಲ.

ಇನ್ನು ಹಣ. ಒಂದು ತಿಂಗಳ ಮಾರಾಟದ ದುಡ್ಡನ್ನು ಸ್ಟೀಮ್ ಮುಂದಿನ ತಿಂಗಳ ಕೊನೆಯಲ್ಲಿ ಕಳಿಸುತ್ತದೆ. ಅದರ 30% ಪಾಲು ಮತ್ತು ವಾಪಸ್ ಹೋದ ಆಟಗಳ ಲೆಕ್ಕ ಕಳೆದು. ಡಾಲರ್ ಬಂದಾಗ ಬ್ಯಾಂಕಿನವರು ಫೋನ್ ಮಾಡಿ ಇದು ಯಾವ ಬಾಬ್ತು ಅಂತ ಪರ್ಪಸ್ ಕೋಡ್ ಕೇಳುತ್ತಾರೆ, ಒಪ್ಪಂದದ ಪ್ರತಿ ತೋರಿಸಿ ಅನ್ನುತ್ತಾರೆ. ಪ್ರಿಂಟ್ ತೆಗೆದು ಇಟ್ಟಿರಿ. ಜಿಎಸ್‌ಟಿ ನೋಂದಣಿ ಇದ್ದರೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಿದ್ದೀರಾ ಅಂತ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಹಣ ಬಂದ ಮೇಲೆ ಅದಕ್ಕಾಗಿ ಓಡಾಡೋದು ಬೇಡ.